ಹತ್ತೊಂಬತ್ತನೇ ಮನೆ

ದೀಪ ಹತ್ತುತ್ತದೆ, ಹಾರ್ನ್ ಕೂಗುತ್ತದೆ, ಎಂಜಿನ್ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಎರಡು ವರ್ಷ ಪೆಟ್ಟಿಗೆಯಲ್ಲಿಟ್ಟು ತೆಗೆದರೂ ಅದರ ಹಟ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಅದರ ಯಜಮಾನನ ಹಟವೂ ಅಷ್ಟೇ ಆದ್ದರಿಂದ ಅದನ್ನು ಬೈಯುವ ಹಕ್ಕು ನನಗಿರಲಿಲ್ಲ. ಆದರೂ ಬೈದೆ.

ಫೆಬ್ರವರಿಯ ಸೋಮವಾರ. ಬೆಳಿಗ್ಗೆ ಹತ್ತಕ್ಕೇ ನನ್ನ ತಗಡಿನ ಶೆಡ್ಡು ಕಾದ ಕಾವಲಿಯಾಗಿತ್ತು. ನಮ್ಮ ಪೋರ್ಟ್ ಪಿರಿ ಊರಲ್ಲಿ ಫೆಬ್ರವರಿ ಅಂದರೆ ನಡುಬೇಸಿಗೆ, ದೂರುವುದರಲ್ಲಿ ಅರ್ಥವಿಲ್ಲ. ಮೇಜಿನ ಮೇಲೆ ಎರಡು ಮೀಟರ್ ಹಳಿ, ಅದರ ಮೇಲೆ ಗೇಣುದ್ದದ ಡೀಸೆಲ್ ಎಂಜಿನ್, ಕಡುಗೆಂಪು ಮೈ, ಬೆಳ್ಳಿ ಪಟ್ಟಿ, ಹಣೆಯ ಮೇಲೆ ಹನ್ನೆರಡು ಅಂತ ನಂಬರು. ಹಿಂದಿನ ದಿನ ನಮ್ಮ ಮಾಡೆಲ್ ರೈಲು ಸಂಘದ ಕಾರ್ಯದರ್ಶಿ ಡೆಸ್ಲಿ ಫೋನ್ ಮಾಡಿದ್ದಳು.

“ಲಯಲ್, ಬರೋ ಶನಿವಾರ ಕಡೇ ಓಟ ಕಣಪ್ಪಾ. ಆಮೇಲೆ ಹಾಲ್ ಬೀಗದ ಕೈ ವಾಪಸ್ ಕೊಡೋದೇ. ನಾಲ್ಕು ಜನಕ್ಕೆ ಅಷ್ಟು ದೊಡ್ಡ ಹಾಲ್ ಯಾಕೆ ಹೇಳು. ನಿಂಗೆ ಯಾವ ಎಂಜಿನ್ ಇಷ್ಟಾನೋ ಅದನ್ನ ತಗೊಂಡ್ ಬಾ, ಆಯ್ತಾ?”

ನನಗೆ ಇಷ್ಟವಾದದ್ದು ಒಂದೇ, ಅದು ಓಡುವುದಿಲ್ಲ. ಓಡದಂತೆ ಮಾಡಿದವನು ಕೊಸ್ಮೊ ಮಿನರ್ವಿನಿ. ಎರಡು ವರ್ಷದಿಂದ ನಾನು ಹೀಗೇ ಹೇಳಿಕೊಂಡು ಬಂದಿದ್ದೆ.

ಕೊಸ್ಮೊ ಮತ್ತು ನಾನು ಸೀಸದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಜೊತೆಗಿದ್ದವರು. ನಾನು ಫಿಟ್ಟರ್, ಅವನು ಎಲೆಕ್ಟ್ರಿಷಿಯನ್. ಸಂಘದಲ್ಲೂ ಹಾಗೇ, ಚಕ್ರ ಹಲ್ಲು ಗ್ರೀಸು ನನ್ನದು, ತಂತಿ ಚಿಪ್ ಅವನದು. ಈಗಿನ ಡಿಜಿಟಲ್ ಪದ್ಧತಿಯಲ್ಲಿ ಹಳಿಯ ತುಂಬ ಕರೆಂಟು ಸದಾ ಇರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಉಗುರಿನಗಲದ ಒಂದು ಚಿಪ್ ಇರುತ್ತದೆ, ಕೈಯಲ್ಲಿರುವ ಕಂಟ್ರೋಲರಿನಿಂದ ಯಾವ ನಂಬರು ಕರೆಯುತ್ತೇವೋ ಆ ನಂಬರಿನ ಎಂಜಿನ್ ಮಾತ್ರ ಓಗೊಡುತ್ತದೆ. ನನ್ನದು ಹನ್ನೆರಡು, ಕೊಸ್ಮೊನದು ಮೂವತ್ತೈದು. ನಿಜವಾದ ಎಂಜಿನ್‌ಗಳು ಮರುಭೂಮಿ ದಾಟುವಾಗ ಜೋಡಿಯಾಗಿಯೇ ಹೋಗುತ್ತಿದ್ದವು, ಹಾಗಾಗಿ ನಾವೂ ಅವೆರಡನ್ನು ಜೋಡಿ ಕಟ್ಟುತ್ತಿದ್ದೆವು. ಕಟ್ಟಿದ ಮೇಲೆ ಜೋಡಿಗೇ ಒಂದು ನಂಬರು. ಹನ್ನೆರಡಕ್ಕೆ ಮೂವತ್ತೈದು ಕೂಡಿಸಿ ನಾವಿಟ್ಟುಕೊಂಡದ್ದು ನಲವತ್ತೇಳು. ಹನ್ನೊಂದು ವರ್ಷ ಶನಿವಾರ ಶನಿವಾರ ನಲವತ್ತೇಳು ಓಡಿತು.

ಕೆಟ್ಟದ್ದು ಎರಡು ವರ್ಷದ ಹಿಂದೆ, ಸಂಘದ ಪ್ರದರ್ಶನದ ದಿನ. ನನ್ನ ಹೆಂಡತಿ ಅವಿಸ್ ತೀರಿಕೊಂಡು ಆಗ ನಾಲ್ಕು ತಿಂಗಳು. ಕಂಟ್ರೋಲರ್ ನನ್ನ ಕೈಯಲ್ಲಿತ್ತು, ಮನಸ್ಸು ಎಲ್ಲೋ ಇತ್ತು. ನಮ್ಮ ಜೋಡಿ ನೇರವಾಗಿ ಸಂಘದ ಇನ್ನೊಬ್ಬ ಸದಸ್ಯ ರೋಲಿಯ ಗೂಡ್ಸ್ ಗಾಡಿಯ ಬಾಲಕ್ಕೆ ಗುದ್ದಲು ಹೊರಟಿದ್ದು ನನಗೆ ಕಾಣಲೇ ಇಲ್ಲ. ಕೊಸ್ಮೊ ಕಂಟ್ರೋಲರ್ ಕಿತ್ತುಕೊಂಡು ನಿಲ್ಲಿಸಿದ.

“ಲಯಲ್, ಮನೆಗೋಗಿ ಮಲ್ಕೋ ಮಾರಾಯಾ. ಇವತ್ತು ನಿನ್ ಕೈಲಿ ಆಗ್ತಿಲ್ಲ.”

ಐವತ್ತು ಜನ ನೋಡುತ್ತಿದ್ದರು. ಕಪಾಳಕ್ಕೆ ಹೊಡೆದ ಹಾಗಾಯಿತು ನನಗೆ. ಎಂಜಿನ್ ಎತ್ತಿ ಪೆಟ್ಟಿಗೆಗೆ ಹಾಕಿಕೊಂಡು ಹಿಂತಿರುಗಿ ನೋಡದೆ ಹೊರಟೆ. ಮುಂದಿನ ಶನಿವಾರ ಹಾಲಿನಲ್ಲಿ ಹಳಿಯ ಮೇಲಿಟ್ಟು ಹನ್ನೆರಡು ಕರೆದರೆ ದೀಪ ಹತ್ತಿತು, ಹಾರ್ನ್ ಕೂಗಿತು, ಎಂಜಿನ್ ಕದಲಲಿಲ್ಲ. ನಾನು ಎಲ್ಲರೆದುರು ಕಿರುಚಿದೆ. ಕಂಟ್ರೋಲರ್ ಕಿತ್ತುಕೊಂಡಾಗ ಇವನೇ ಏನೋ ಒತ್ತಿದ್ದಾನೆ, ಬೇಕಂತಲೇ ಚಿಪ್ ಸುಟ್ಟಿದ್ದಾನೆ, ಬೆನ್ನಿಗೆ ಚೂರಿ ಹಾಕುವ ಜಾತಿ ಇವನದು ಎಂದೆ. ಕೊಸ್ಮೊ ಟೀ ಕುಡಿಯುತ್ತಿದ್ದ. ಕಪ್ಪು ಕೆಳಗಿಟ್ಟ, ತನ್ನ ಮೂವತ್ತೈದನ್ನು ಪೆಟ್ಟಿಗೆಗೆ ಹಾಕಿಕೊಂಡ, ಹೋದ. ಆಮೇಲೆ ಸಂಘಕ್ಕೆ ಕಾಲಿಡಲಿಲ್ಲ. ನಾನೂ ಅವನ ಬೀದಿಗೆ ಹೋಗಲಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಕಂಡರೆ ಬೇಡದ ಡಬ್ಬಿಗಳ ಬೆಲೆ ಓದುತ್ತಾ ನಿಲ್ಲುತ್ತಿದ್ದೆ.

ಹೀಗಿರುವಾಗ ಶನಿವಾರದೊಳಗೆ ಹನ್ನೆರಡು ಓಡಬೇಕು. ಕೇಳಬಹುದಾದ ಒಬ್ಬನೇ ಮನುಷ್ಯನನ್ನು ಕೇಳುವ ಹಾಗಿಲ್ಲ.

ಹಳಿ ತಿಕ್ಕಿದೆ. ಚಕ್ರಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಹತ್ತಿಯ ತುಂಡು ಬಿಳಿಯಾಗಿ ಬರುವ ತನಕ. ಮೇಲಿನ ಕವಚ ಬಿಚ್ಚಿ, ಮೋಟರಿನ ತಂತಿ ಬಿಡಿಸಿ, ಒಂಬತ್ತು ವೋಲ್ಟಿನ ಬ್ಯಾಟರಿ ಮುಟ್ಟಿಸಿದರೆ ಮೋಟರ್ ಚೆನ್ನಾಗಿ ತಿರುಗಿತು. ಮೋಟರ್ ಸರಿ, ಹಲ್ಲು ಸರಿ, ಹಳಿಯಿಂದ ಕರೆಂಟು ಸರಿ. ಉಳಿದದ್ದು ಚಿಪ್. ಎರಡು ವರ್ಷದ ಹಿಂದೆಯೂ ಇಲ್ಲಿಯತನಕ ಬಂದು, ನೋಡಿದಿರಾ ಸುಟ್ಟಿದ್ದಾನೆ ಎಂದು ಕವಚ ಮುಚ್ಚಿದ್ದೆ.

ಚಿಪ್ಪಿನ ಬುದ್ಧಿ ಪೂರ್ತಿ ಅಳಿಸಿ, ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಲು ಒಂದು ಉಪಾಯವಿದೆ. ಅದು ನನಗೂ ಗೊತ್ತು. ಆದರೆ ಆ ಎಂಜಿನ್ ನಿಧಾನಕ್ಕೆ ಹೊರಡುವ ರೀತಿ, ಏರಿನಲ್ಲಿ ಗೊಣಗುವ ದನಿ, ಇದನ್ನೆಲ್ಲ ಕೊಸ್ಮೊ ಒಂದು ಚಳಿಗಾಲ ಪೂರ್ತಿ ಕೂತು ಹೊಂದಿಸಿದ್ದ. ಅವನನ್ನು ಎರಡು ವರ್ಷ ಮನಸ್ಸಿನಲ್ಲೇ ಬೈದುಕೊಂಡು ತಿರುಗಿದರೂ ಅದನ್ನು ಅಳಿಸಲು ನನಗೆ ಕೈ ಬರಲಿಲ್ಲ. ಯಾಕೆ ಎಂದು ಕೇಳಿಕೊಳ್ಳುವ ಧೈರ್ಯವೂ ಇರಲಿಲ್ಲ.

ಮೂರು ದಿನ ಹೀಗೇ ಹೋಯಿತು. ರೇಡಿಯೋದಲ್ಲಿ ಕ್ರಿಕೆಟ್ಟು, ಅಂಗಳದಲ್ಲಿ ಬಿಸಿಗಾಳಿ. ಆ ಮೂರು ದಿನದಲ್ಲಿ ನಾನು ಮನುಷ್ಯರ ಜೊತೆ ಆಡಿದ ಮಾತೆಂದರೆ ಬೇಕರಿಯವಳಿಗೆ “ಒಂದು ಪ್ಯಾಸ್ಟಿ, ಸಾಸ್ ಬೇಡ” ಅಂದದ್ದು. ಮನೆಯಲ್ಲಿ ನನ್ನದೇ ಕೆಮ್ಮು ಕೇಳಿ ಯಾರೋ ಬಂದರೇನೋ ಅಂತ ಒಮ್ಮೆ ತಿರುಗಿ ನೋಡಿದೆ. ಒಬ್ಬಂಟಿತನ ಅಂದರೆ ಅಳು ಬರುವಂಥದ್ದೇನಲ್ಲ, ಹೀಗೆ ಪೆದ್ದುಪೆದ್ದಾಗಿರುತ್ತದೆ.

ಗುರುವಾರ ಬೇರೆ ದಾರಿ ಕಾಣದೆ ಚಿಪ್ಪಿನ ಪುಸ್ತಕ ತೆಗೆದೆ. ಚಿಪ್ಪಿನೊಳಗೆ ನಂಬರು ಹಾಕಿದ ಗೂಡುಗಳಿರುತ್ತವೆ, ಒಂದೊಂದರಲ್ಲೂ ಒಂದೊಂದು ಸಂಖ್ಯೆ. ಪುಸ್ತಕದವರು ಅದಕ್ಕೆ ಉದ್ದದ ಹೆಸರಿಟ್ಟಿದ್ದಾರೆ. ಕೊಸ್ಮೊ ಮತ್ತು ನಾನು ಮನೆ ಅಂತಲೇ ಕರೆಯುತ್ತಿದ್ದೆವು. ಒಂದನೇ ಮನೆಯಲ್ಲಿ ಎಂಜಿನ್ನಿನ ಸ್ವಂತ ನಂಬರು, ಎರಡನೆಯದರಲ್ಲಿ ಹೊರಡುವ ವೇಗ, ಹೀಗೆ. ಕಂಟ್ರೋಲರಿನಿಂದ ಒಂದೊಂದೇ ಮನೆಯ ಬಾಗಿಲು ತಟ್ಟಿ ಒಳಗೇನಿದೆ ಎಂದು ಕೇಳಬಹುದು. ಭೂತಗನ್ನಡಿ ಹಿಡಿದುಕೊಂಡು ಶುರು ಮಾಡಿದೆ.

ಒಂದನೇ ಮನೆ ಕೇಳಿದಾಗಲೇ ಎಂಜಿನ್ ಸಣ್ಣಗೆ ನಡುಗಿತು. ಕೇಳಿದ್ದಕ್ಕೆ ಉತ್ತರ ಕೊಡುವಾಗ ಚಿಪ್ ಮೋಟರಿಗೆ ಒಂದು ಚೂರು ಕರೆಂಟು ಬಿಡುತ್ತದೆ, ಆಗ ಹೀಗೆ ನಡುಗುತ್ತದೆ. ಕಂಟ್ರೋಲರಿನ ಪರದೆಯ ಮೇಲೆ ಹನ್ನೆರಡು ಅಂತ ಬಂತು. ನಾನು ಪರದೆ ನೋಡಲಿಲ್ಲ, ಎಂಜಿನ್ನನ್ನೇ ನೋಡಿದೆ. ನಡುಗಿತು ಅಂದರೆ ಚಿಪ್ ಮೋಟರನ್ನು ತಿರುಗಿಸಬಲ್ಲದು. ಸುಟ್ಟ ಚಿಪ್ ಎಲ್ಲಿಂದ ನಡುಗಿಸುತ್ತದೆ? ಫಿಟ್ಟರ್ ಆದವನಿಗೆ ಇಷ್ಟು ಸಾಕಿತ್ತು, ಆದರೂ ಮನೆಮನೆ ತಟ್ಟುತ್ತಾ ಹೋದೆ.

ಹತ್ತೊಂಬತ್ತನೇ ಮನೆಯಲ್ಲಿ ಸೊನ್ನೆ ಇರಬೇಕು. ಇದ್ದದ್ದು ನಲವತ್ತೇಳು.

ಜೋಡಿ ಕಟ್ಟಿದಾಗ ಜೋಡಿಯ ನಂಬರು ಬಂದು ಕೂರುವ ಮನೆ ಅದು. ಅಲ್ಲಿ ಅದು ಕೂತಿರುವ ತನಕ ಎಂಜಿನ್ ತನ್ನ ಸ್ವಂತ ನಂಬರಿಗೆ ದೀಪ ಹತ್ತಿಸುತ್ತದೆ, ಹಾರ್ನ್ ಕೂಗುತ್ತದೆ, ಓಡುವುದಿಲ್ಲ. ಓಡಬೇಕಾದರೆ ಜೋಡಿಯ ನಂಬರನ್ನೇ ಕರೆಯಬೇಕು. ಅದಕ್ಕೇ ನಮ್ಮ ಹಾಲಿನ ಬಾಗಿಲ ಮೇಲೆ ಒಂದು ಹಲಗೆ ತೂಗುಹಾಕಿದೆ: ‘ಜೋಡಿ ಬಿಡಿಸದೆ ಪೆಟ್ಟಿಗೆ ಮುಚ್ಚಬೇಡಿ’. ಅದನ್ನು ಬಣ್ಣದಲ್ಲಿ ಬರೆದವನು ನಾನು. ಪ್ರದರ್ಶನದ ದಿನ ಸಿಟ್ಟಿನಲ್ಲಿ ಅದರ ಕೆಳಗೇ ಹಾದು ಹೊರಗೆ ಹೋದವನೂ ನಾನೇ.

ನಲವತ್ತೇಳು ಕರೆದೆ. ಎರಡು ವರ್ಷ ಜಪ್ಪಯ್ಯ ಅಂದರೂ ಕದಲದ ಎಂಜಿನ್ ಗೊಣಗಿಕೊಂಡು, ಮೆಲ್ಲಗೆ, ಕೊಸ್ಮೊ ಹೊಂದಿಸಿದ್ದ ಹಾಗೆಯೇ ಹೊರಟು ಹಳಿಯ ಕೊನೆಯ ತನಕ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಡೊಂಕು ಅನ್ನಲಿಲ್ಲ, ಪಕ್ಕದಲ್ಲಿ ಕುಣಿಯುತ್ತಿದ್ದವನನ್ನು ದ್ರೋಹಿ ಅಂದೆ. ಮೂವತ್ತು ವರ್ಷ ಜೊತೆಗಿದ್ದವನನ್ನು. ನನ್ನ ಮೇಲೆ ನನಗೇ ಅಸಹ್ಯ ಬಂತು.

ಶುಕ್ರವಾರ ಬೆಳಿಗ್ಗೆ ಎಂಜಿನ್ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಅವನ ಬೀದಿಗೆ ಹೋದೆ. ನನ್ನ ಅದೃಷ್ಟಕ್ಕೆ ಅವತ್ತೇ ಅವರ ಮನೆಯಲ್ಲಿ ಟೊಮ್ಯಾಟೋ ಸಾಸ್ ಕಾಯಿಸುವ ದಿನ. ಹಿತ್ತಲಿನಲ್ಲಿ ಮಿನರ್ವಿನಿಗಳ ಇಡೀ ಪರಿವಾರ, ಮಗಳು ಅಳಿಯ ಸೊಸೆ ಮೊಮ್ಮಕ್ಕಳು, ಎಲ್ಲರ ಮೊಣಕೈ ತನಕ ಕೆಂಪು. ಮೂಲೆಯಲ್ಲಿ ದೊಡ್ಡ ಡ್ರಮ್ಮಿನಡಿ ಬೆಂಕಿ. ಒಬ್ಬನೇ ಕೂತು ಕೊರಗುತ್ತಿರುತ್ತಾನೆ ಅಂತ ಎರಡು ವರ್ಷ ನಾನು ಅಂದುಕೊಂಡಿದ್ದ ಮನುಷ್ಯ ಹದಿನೈದು ಜನರ ನಡುವೆ ಸೌಟು ಹಿಡಿದು ಗದರುತ್ತಿದ್ದ. ನನ್ನನ್ನು ನೋಡಿ ಸೌಟು ಕೆಳಗಿಟ್ಟ. ಅವನ ಹೆಂಡತಿ ಫಿಲೊಮೆನಾ ಕೂಗಿದಳು.

“ಅಯ್ಯೋ ಲಯಲ್, ಎಷ್ಟು ಸೊರಗಿದೀರಾ! ಊಟ ಮಾಡ್ತೀರೋ ಇಲ್ವೋ? ಬನ್ನಿ ಬನ್ನಿ, ಸುಮ್ನೆ ನಿಂತ್ಕೋಬೇಡಿ, ಆ ಬಾಟ್ಲಿಗಳಿಗೆ ಮುಚ್ಚಳ ಒತ್ತಿ.”

ಆ ಮನೆಯಲ್ಲಿ ಸಾಸಿನ ದಿನ ಬಂದವರು ಯಾರಾದರೂ ಸರಿ, ಕೆಲಸ ಮಾಡಲೇಬೇಕು. ಪೆಟ್ಟಿಗೆ ಕೆಳಗಿಟ್ಟು ಮುಚ್ಚಳ ಒತ್ತುವ ಯಂತ್ರದ ಮುಂದೆ ಕೂತೆ. ಕೊಸ್ಮೊ ಸಾಸ್ ತುಂಬಿದ ಬಾಟಲಿಗಳನ್ನು ಒಂದೊಂದಾಗಿ ನನ್ನ ಮುಂದೆ ಇಡತೊಡಗಿದ, ಮುಖ ನೋಡದೆ. ಇಪ್ಪತ್ತು ಬಾಟಲಿಗೆ ಮುಚ್ಚಳ ಒತ್ತಿದೆ.

“ಹತ್ತೊಂಬತ್ತನೇ ಮನೇಲಿ ನಲವತ್ತೇಳು ಇತ್ತು,” ಅಂದೆ ಕೊನೆಗೆ.

“ಹೂಂ.”

“ಜೋಡಿ ಬಿಡಿಸದೇನೇ ತಗೊಂಡೋಗಿದ್ದೆ ಅವತ್ತು.”

“ಗೊತ್ತು.”

“ಯಾವಾಗ ಗೊತ್ತಾಯ್ತು ನಿಂಗೆ?”

“ನೀನು ಹಾಲಲ್ಲಿ ಕಿರುಚಿದಾಗ್ಲೇ. ದೀಪ ಹತ್ತತ್ತೆ, ಹಾರ್ನ್ ಆಗತ್ತೆ, ಓಡಲ್ಲ ಅಂದ್ಯಲ್ಲ. ಇನ್ನೇನಿರತ್ತೆ? ನಿನ್ನೆ ಮೊನ್ನೆ ಕಲ್ತೋನಿಗೂ ಗೊತ್ತಾಗತ್ತೆ.”

ಯಂತ್ರದ ಹಿಡಿ ನನ್ನ ಕೈಯಲ್ಲೇ ನಿಂತಿತು. “ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಒಂದೇ ನಿಮಿಷದ ಕೆಲ್ಸ. ಎರಡು ವರ್ಷ ಕೊಸ್ಮೊ!”

“ನೀನೆಲ್ಲಿ ಕೇಳ್ದೆ? ಯಾಕೆ ಓಡ್ತಿಲ್ಲ ನೋಡೋ ಅಂತ ಕೇಳಿದ್ರೆ ಅಲ್ಲೇ ಹೇಳ್ತಿದ್ದೆ. ನೀನು ಕೇಳ್ಲಿಲ್ಲಪ್ಪಾ, ತೀರ್ಪು ಕೊಟ್ಟೆ.” ಬಾಟಲಿ ಇಟ್ಟ. “ಒತ್ತು, ಆರಿ ಹೋಗತ್ತೆ.”

ಒತ್ತಿದೆ. ಅಷ್ಟರಲ್ಲಿ ಪುಟ್ಟ ಮೊಮ್ಮಗಳೊಬ್ಬಳು ಬಂದು “ನೊನ್ನೊ, ಸಾಸಿಗೆ ತುಳಸಿ ಸಾಕಾಗಲ್ವಂತೆ” ಅಂತ ಅಜ್ಜನ ಅಂಗಿ ಎಳೆದಳು. ಅವನು ಗಿಡದ ಕಡೆ ಕೈ ತೋರಿಸಿ ಕಳಿಸಿದ. ನಾನು ಪೆಟ್ಟಿಗೆಯ ಕಡೆ ನೋಡಿದೆ.

“ನಾಳೆ ಕಡೇ ಓಟ. ಮೂವತ್ತೈದು ತಗೊಂಡ್ ಬಾರೋ. ಒಂದು ಸುತ್ತು ಜೋಡಿ ಕಟ್ಟಿ ಓಡ್ಸೋಣ.”

“ಮಾರ್ಬಿಟ್ಟೆ. ಹೋದ ವರ್ಷ, ಪರ್ತ್‌ನೋನಿಗೆ. ಎಲ್ಲಾನೂ ಕೊಟ್ಟೆ, ಹಳಿ ಸಮೇತ.” ಇನ್ನೊಂದು ಬಾಟಲಿ ಮುಂದಿಟ್ಟು ಸೇರಿಸಿದ: “ಕೊಡೋ ಮುಂಚೆ ಹತ್ತೊಂಬತ್ತಕ್ಕೆ ಸೊನ್ನೆ ಹಾಕ್ದೆ. ಹಲಗೆ ಬರ್ದಿದೀಯಲ್ಲ, ನಿಯಮ ಅಂದ್ರೆ ನಿಯಮ.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರೆ. ಅವನು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ತಪ್ಪಾಯ್ತು ಅನ್ನುವ ಮಾತು ನಾಲಗೆಯ ತುದಿಯ ತನಕ ಬಂತು, ಅಲ್ಲೇ ಕೂತಿತು. ಅದರ ಬದಲು ಚಿಪ್ ಹೇಗೆ ನಡುಗಿತು, ನಾನು ಹೇಗೆ ಮನೆಮನೆ ತಟ್ಟಿದೆ ಅಂತೆಲ್ಲ ಹೇಳತೊಡಗಿದೆ. ಕೊಸ್ಮೊ ಕೈಯೆತ್ತಿ ನಿಲ್ಲಿಸಿದ.

“ಲಯಲ್, ನಂಗೆ ಇಲ್ಲಿ ಟೊಮ್ಯಾಟೋ ಪಕ್ಕದಲ್ಲಿ ಹೇಳಿ ಏನು ಉಪಯೋಗ? ನೀನು ನನ್ನ ಬೈದಿದ್ದು ಹಾಲಲ್ಲಿ. ಎಲ್ರ ಮುಂದೆ. ಅಲ್ಲಿ ನನ್ನ ಹೆಸ್ರು ಇನ್ನೂ ಹಾಗೇ ಇದೆ. ನಾಳೆ ಬೀಗ ಹಾಕಿದ್ಮೇಲೆ ಅದನ್ನ ತೊಳಿಯೋಕೆ ಜಾಗಾನೂ ಇರಲ್ಲ.”

“ನಾಳೆ ಹೇಳ್ತೀನಿ. ಎಲ್ರ ಮುಂದೆ ಹೇಳ್ತೀನಿ.”

“ನೋಡೋಣ,” ಅಂದ. ಫಿಲೊಮೆನಾ ಎರಡು ಬಾಟಲಿ ಸಾಸ್ ಕೈಗಿಟ್ಟು ಕಳಿಸಿದಳು.

ಶನಿವಾರ ಹಾಲಿಗೆ ಎಲ್ಲರಿಗಿಂತ ಮೊದಲು ಹೋದೆ. ಹತ್ತೊಂಬತ್ತನೇ ಮನೆಗೆ ಸೊನ್ನೆ ಹಾಕುವಾಗ ಹೆಬ್ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಜೋಡಿಯ ಇನ್ನೊಂದು ಈ ಊರಲ್ಲೇ ಇಲ್ಲ ಎಂದು ನೆನಪಿಸಿಕೊಂಡು ಒತ್ತಿದೆ. ಹನ್ನೆರಡು ಅಂತ ಕರೆದರೆ ಹನ್ನೆರಡು ಹೊರಟಿತು. ಆರು ಬೋಗಿ ಎಳೆಯುತ್ತಾ ಒಂಟಿಯಾಗಿ ಸುತ್ತು ಹಾಕಿತು, ಏರಿನಲ್ಲಿ ಚಕ್ರ ಜಾರಿತು.

ಮಧ್ಯಾಹ್ನ ಡೆಸ್ಲಿ ಟೀ ಸುರಿದಳು. ರೋಲಿ ಶುಲ್ಟ್ಜ್ ಮತ್ತು ಮುದುಕ ಯೂಅರ್ಟ್ ಮಡಚುವ ಕುರ್ಚಿಗಳಲ್ಲಿ ಕೂತರು. ನಾನು, ಅವರು ಮೂವರು, ಇಷ್ಟೇ ಸಂಘ. ಎದ್ದು ನಿಂತೆ. ರಾತ್ರಿಯಿಡೀ ಬಾಯಿಪಾಠ ಮಾಡಿದ್ದೆ.

“ಒಂದು ಮಾತು ಹೇಳ್ಬೇಕು. ಎರಡು ವರ್ಷದ ಹಿಂದೆ ಇಲ್ಲೇ ನಿಂತ್ಕೊಂಡು, ಕೊಸ್ಮೊ ನನ್ನ ಎಂಜಿನ್ ಹಾಳು ಮಾಡ್ದ ಅಂದಿದ್ದೆ. ಸುಳ್ಳದು. ಜೋಡಿ ಬಿಡಿಸದೆ ಒಯ್ದೋನು ನಾನು. ಅವನದ್ದು ಒಂದು ಚೂರೂ ತಪ್ಪಿಲ್ಲ.”

ಮೂವರೂ ನನ್ನನ್ನೇ ನೋಡಿದರು. ರೋಲಿ ಬಿಸ್ಕತ್ತು ಟೀಯಲ್ಲಿ ಅದ್ದಿಕೊಂಡು, “ಕೊಸ್ಮೊನಾ? ಅವ್ನು ಬೊಚ್ಚೆ ಆಟದ ಹುಚ್ಚು ಹತ್ತಿ ಬಿಟ್ಟಿದ್ದಲ್ವಾ?” ಅಂದ.

“ಇಲ್ಲಪ್ಪಾ, ಮೊಣಕಾಲು ನೋವು ಅಂತ ಬಿಟ್ಟಿದ್ದು,” ಅಂದ ಯೂಅರ್ಟ್.

“ನೀನು ಕಿರುಚಿದ್ಯಾ ಲಯಲ್?” ಡೆಸ್ಲಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಇರ್ಬಹುದು. ನೀನು ಆಗೆಲ್ಲಾ ಕಿರುಚ್ತಾನೇ ಇದ್ದೆ ಬಿಡು, ಪಾಪ, ಅವಿಸ್ ತೀರ್ಕೊಂಡ ವರ್ಷ. ನಾವ್ಯಾರೂ ಅದನ್ನೆಲ್ಲ ಕಿವಿಗೆ ಹಾಕ್ಕೊಳ್ತಿರ್ಲಿಲ್ಲ. ಇನ್ನೊಂದ್ ಕಪ್ ಬೇಕಾ?”

ಬೇಡ ಎಂದು ಕೂತೆ. ಯಾರಿಗೂ ನೆನಪಿಲ್ಲ. ಆ ಮಾತನ್ನು ಎರಡು ವರ್ಷ ಎದೆಯ ಮೇಲೆ ಹೊತ್ತು ತಿರುಗಿದವರು ಇಡೀ ಊರಿನಲ್ಲಿ ಇಬ್ಬರೇ, ಆಡಿದವನು ಮತ್ತು ಆಡಿಸಿಕೊಂಡವನು. ಆ ಹಾಲಿನಲ್ಲಿ ಅಷ್ಟು ಒಂಟಿ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ನಾಲ್ಕು ಗಂಟೆಗೆ ಹಳಿ ಬಿಚ್ಚಿ, ಮೇಜು ಮಡಚಿ, ಡೆಸ್ಲಿ ಬೀಗ ಹಾಕಿದಳು. ಬರ್ತೀನಿ, ಬರ್ತೀನಿ ಅಂದುಕೊಂಡು ಎಲ್ಲರೂ ತಮ್ಮ ತಮ್ಮ ಕಾರು ಹತ್ತಿದರು.

ಮನೆಗೆ ಬಂದು ಕೊಸ್ಮೊಗೆ ಫೋನ್ ಮಾಡಿದೆ. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ.

“ಹೇಳ್ದ್ಯಾ?” ಅಂದ.

“ಹೇಳ್ದೆ. ಎದ್ದು ನಿಂತು, ಎಲ್ರ ಮುಂದೆ.”

“ಏನಂದ್ರು?”

ಯಾರಿಗೂ ನೆನಪೇ ಇಲ್ಲ ಮಾರಾಯಾ ಅನ್ನಬಹುದಿತ್ತು. ಎರಡು ವರ್ಷ ಅವನು ಕಾದದ್ದು ಇದನ್ನು ಕೇಳುವುದಕ್ಕಾ? “ಎಲ್ರೂ ತುಂಬಾ ಬೇಜಾರು ಮಾಡ್ಕೊಂಡ್ರು,” ಅಂದೆ.

“ರೋಲಿ ಏನಂದ?”

“ರೋಲಿ... ಕೊಸ್ಮೊ ಅಂಥೋನಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು, ಬಾಯಿ ಬಿಡದೆ ಕೂತಿದ್ದು ನನ್ ತಪ್ಪು ಅಂದ.”

“ಯೂಅರ್ಟ್?”

“ನೀನು ಹೋದ್ಮೇಲೆ ಶನಿವಾರ ಶನಿವಾರದ ಥರ ಇರ್ಲಿಲ್ಲ ಅಂದ. ಹಾಲ್ ತುಂಬಾ ಜನ ಇದ್ರೂ ಖಾಲಿ ಖಾಲಿ ಅನ್ಸೋದು ಅಂದ.”

“ಯೂಅರ್ಟ್ ಹಾಗಂದ್ನಾ?” ಕೊಸ್ಮೊನ ದನಿಯಲ್ಲಿ ನಗುವೋ ಏನೋ. ಇಷ್ಟು ವರ್ಷದಲ್ಲಿ ಯೂಅರ್ಟ್ ಮೊಣಕಾಲು ನೋವು ಬಿಟ್ಟು ಬೇರೆ ಮಾತಾಡಿದ್ದನ್ನು ಇಬ್ಬರೂ ಕೇಳಿಲ್ಲ. “ಡೆಸ್ಲಿ?”

“ಒಂದು ಫೋನ್ ಮಾಡಿದ್ರೆ ಮುಗೀತಿತ್ತು, ಆ ಲಯಲ್‌ಗೆ ಅಷ್ಟೂ ಆಗ್ಲಿಲ್ವಲ್ಲ ಅಂತ ಬೈದ್ಲು. ಹೆಂಡ್ತೀನೂ ಹೋದ್ಲು, ಇದ್ದೊಬ್ಬ ಸ್ನೇಹಿತನ್ನೂ ಕೈಯಾರೆ ಓಡಿಸ್ಕೊಂಡ, ದಡ್ಡ ಅಂದ್ಲು.”

ಆ ಕಡೆ ಅವನು ಯಾರಿಗೋ ಸುಮ್ಮನಿರಿ ಎಂದು ಗದರಿದ. ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಗಲಾಟೆ ನಿಂತಿತು.

“ಸರಿ, ಅವ್ರೆಲ್ಲಾ ಅಂದಿದ್ದಾಯ್ತು,” ಅಂದ ಕೊಸ್ಮೊ. “ನೀನೇನಂತೀಯಾ?”